ಹಳೆಯ ಮನೆ ಯಾರದು?

ಐತಿಹಾಸಿಕ ಮನೆಗಳನ್ನು ಉಳಿಸಬೇಕು ಎಂಬ ಮಾತಿಗೆ ಇವತ್ತು ಯಾರೂ ಇಲ್ಲ ಅನ್ನುವುದಿಲ್ಲ. ಪತ್ರಿಕೆಯವರು, ಪ್ರಾಧ್ಯಾಪಕರು, ಪ್ರವಾಸೋದ್ಯಮದವರು, ಹಳೆಯ ವಾಡೆಗಳ ವಾರಸುದಾರರು ಎಲ್ಲರೂ ಹೌದು ಅನ್ನುತ್ತಾರೆ. ಹೀಗೆ ಎಲ್ಲರೂ ಒಟ್ಟಿಗೆ ತಲೆ ಹಾಕುವ ಮಾತು ಕಂಡಲ್ಲಿ ದಲಿತ ವಿಮರ್ಶೆ ಸ್ವಲ್ಪ ನಿಂತು ನೋಡಬೇಕಾಗುತ್ತದೆ. ‘ಐತಿಹಾಸಿಕ’ ಎಂಬ ಪದ ಯಾವ ಮನೆಗೆ ಅಂಟುತ್ತದೆ, ಯಾವ ಮನೆಗೆ ಅಂಟುವುದಿಲ್ಲ? ಹಳೆಯದಾದಷ್ಟೂ ಮನೆಗೆ ಬೆಲೆ ಬರುತ್ತದೆ ಎನ್ನುವುದು ನಿಜವೇ ಆಗಿದ್ದರೆ ನಮ್ಮ ಕೇರಿಗಳ ಮನೆಗಳಿಗೆ ವಯಸ್ಸಾದಷ್ಟೂ ಬೆಲೆ ಯಾಕೆ ಇಳಿಯುತ್ತ ಬಂತು?

ಸರ್ಕಾರದ ಎರಡು ದಫ್ತರಗಳನ್ನು ಅಕ್ಕಪಕ್ಕ ಇಟ್ಟು ಓದುವುದರಿಂದ ಸುರು ಮಾಡೋಣ. ಒಂದು ಪುರಾತತ್ತ್ವದ ದಫ್ತರ. ಪ್ರಾಚೀನ ಸ್ಮಾರಕಗಳ ಬಗೆಗಿನ 1958ರ ಕೇಂದ್ರ ಕಾಯಿದೆಯ ಪ್ರಕಾರ ಒಂದು ಕಟ್ಟಡ ಕನಿಷ್ಠ ನೂರು ವರ್ಷ ನಿಂತಿದ್ದರೆ ಅದು ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು ಅರ್ಹ. ಇಲ್ಲಿ ವಯಸ್ಸು ಕೂಡಿಸುವ ಲೆಕ್ಕ. ಇನ್ನೊಂದು ಭೂಸ್ವಾಧೀನದ ದಫ್ತರ. 2013ರ ಹೊಸ ಕಾಯಿದೆ 2014ರ ಜನವರಿಯಲ್ಲಿ ಜಾರಿಗೆ ಬರುವವರೆಗೂ ನಮ್ಮ ಕಡೆಯ ಹಳ್ಳಿಗಳು ನೀರಿಗೆ ಹೋದದ್ದು ಬ್ರಿಟಿಷರ ಕಾಲದ 1894ರ ಕಾಯಿದೆಯಡಿ. ಅದರಡಿ ಮನೆಯ ಬೆಲೆ ಕಟ್ಟುತ್ತಿದ್ದ ರೂಢಿಯನ್ನು ಮುಳುಗಡೆಯ ಮಂದಿ ಚೆನ್ನಾಗಿ ಬಲ್ಲರು. ಇಂಜಿನಿಯರು ಬರುತ್ತಾನೆ, ಗೋಡೆ ಮಣ್ಣಿನದೋ ಕಲ್ಲಿನದೋ, ಮಾಳಿಗೆ ಜಂತಿಯದೋ ಹಂಚಿನದೋ ಬರೆದುಕೊಳ್ಳುತ್ತಾನೆ, ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಬೆಲೆ ಹಾಕುತ್ತಾನೆ, ಆಮೇಲೆ ಮನೆಗೆ ಎಷ್ಟು ವರ್ಷವಾಯಿತೋ ಅಷ್ಟು ಸವಕಳಿ ಕಳೆಯುತ್ತಾನೆ. ಇಲ್ಲಿ ವಯಸ್ಸು ಕಳೆಯುವ ಲೆಕ್ಕ. ಒಂದೇ ಪ್ರಭುತ್ವ, ಒಂದೇ ಕಾಲ. ಒಂದು ಕೈಯಲ್ಲಿ ಹಳೆತನಕ್ಕೆ ಗೌರವ, ಇನ್ನೊಂದು ಕೈಯಲ್ಲಿ ಹಳೆತನಕ್ಕೆ ದಂಡ. ಯಾವ ಮನೆ ಯಾವ ದಫ್ತರಕ್ಕೆ ಹೋಗಬೇಕೆಂಬುದನ್ನು ಇಂಜಿನಿಯರು ತೀರ್ಮಾನಿಸುವುದಿಲ್ಲ. ಅದು ಆತ ಬರುವ ಮುಂಚೆಯೇ ಊರಿನ ನಕಾಶೆಯಲ್ಲಿ, ಅಗಸಿಯ ಒಳಗೆ ಮತ್ತು ಹೊರಗೆ ಎಂದು ತೀರ್ಮಾನವಾಗಿರುತ್ತದೆ.

ಅದಕ್ಕೂ ಮೊದಲ ತೊಡಕೊಂದಿದೆ. ಸವಕಳಿ ಕಳೆಯಬೇಕೆಂದರೂ ಮನೆ ಕಾಗದದ ಮೇಲೆ ಇರಬೇಕು. ಮುತ್ಯಾನ ಕಾಲದಿಂದ ವಾಸವಿದ್ದರೂ ಉತಾರದಲ್ಲಿ ಹೆಸರಿಲ್ಲದ ಮನೆಗಳು ಕೇರಿಯಲ್ಲಿ, ತಾಂಡಾಗಳಲ್ಲಿ ಎಷ್ಟಿಲ್ಲ? ತಾಂಡಾ, ಹಟ್ಟಿಗಳ ವಾಸಿಗರಿಗೆ ನಿಂತ ಜಾಗದ ಹಕ್ಕು ಕೊಡಲು ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ಬಂದದ್ದೇ ಈ ಶತಮಾನದ ಎರಡನೆಯ ದಶಕದಲ್ಲಿ. ಕಾಗದದಲ್ಲಿ ಇರದ ಮನೆ ಚರಿತ್ರೆಯಲ್ಲಿ ಎಲ್ಲಿಂದ ಬರಬೇಕು?

ಈ ಮಾತಿಗೆ ತಂಗಡಗಿಗಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ಮುದ್ದೇಬಿಹಾಳ ತಾಲೂಕಿನ, ಕೃಷ್ಣೆಯ ದಂಡೆಯ ಊರು. ಬಸವಣ್ಣನ ಹೆಂಡತಿ ನೀಲಮ್ಮ ಐಕ್ಯಳಾದ ಜಾಗ ಇದು ಎಂದು ಸಂಪ್ರದಾಯ ಹೇಳುತ್ತದೆ. ಕಲ್ಯಾಣದಿಂದ ಆಕೆಯನ್ನು ಸಂಗಮಕ್ಕೆ ಕರೆದುಕೊಂಡು ಹೊರಟವನು ಹಡಪದ ಅಪ್ಪಣ್ಣ. ತಂಗಡಗಿ ಮುಟ್ಟುವಷ್ಟರಲ್ಲಿ ಬಸವಣ್ಣ ಇಲ್ಲವಾದ ಸುದ್ದಿ ಬಂತು. ನೀಲಮ್ಮ ಹೊಳೆ ದಾಟಿ ಸಂಗಮಕ್ಕೆ ಹೋಗಲಿಲ್ಲ, ಈಚೆ ದಂಡೆಯಲ್ಲೇ ಉಳಿದಳು ಎಂದು ಕತೆ. ಕ್ಷೌರಿಕ ಸಮುದಾಯ ತನ್ನವನೆಂದು ಕಾಣುವ ಅಪ್ಪಣ್ಣನ ಮಠವೂ ಅದೇ ಊರಲ್ಲಿದೆ. ಅಂದರೆ ಕಲ್ಯಾಣದ ಚಳುವಳಿಯ ಕೊನೆಯ ಅಂಕದಲ್ಲಿ ಒಬ್ಬ ಹೆಂಗಸು ಮತ್ತು ಒಬ್ಬ ಕಾಯಕದ ಮನುಷ್ಯ ಬಂದು ನಿಂತ ಜಾಗ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಹಿನ್ನೀರು ಈ ಇಡೀ ಸೀಮೆಯನ್ನು ಏರಿ ಬಂತು. ಜಲಾಶಯಕ್ಕೆ ಬಸವಸಾಗರ ಎಂದೇ ಹೆಸರಿಟ್ಟರು. ಆ ಬಸವಸಾಗರವೇ ಬಸವಣ್ಣನ ಐಕ್ಯಸ್ಥಳವನ್ನು ನುಂಗುವಂತಾಯಿತು. ಆಗ ಕೂಡಲಸಂಗಮದ ಐಕ್ಯಲಿಂಗದ ಸುತ್ತ ಬಾವಿಯ ಹಾಗೆ ದುಂಡಗೆ ಗೋಡೆ ಎಬ್ಬಿಸಿದರು. ಸುತ್ತ ನೀರು, ನಡುವೆ ಒಣಗಿದ ಗುಂಡಿ, ಮೆಟ್ಟಿಲಿಳಿದು ಹೋಗಿ ದರ್ಶನ ಮಾಡಿ ಬರಬೇಕು. ತಂಗಡಗಿಯ ನೀಲಮ್ಮನ ಮಂಟಪಕ್ಕೂ ಅದೇ ಬಗೆಯ ಕಾಪು. ಇದನ್ನು ನಾನು ಹಳಿಯುತ್ತಿಲ್ಲ. ಒಬ್ಬ ಹೆಣ್ಣಿನ ನೆನಪಿಗೆ ಸರ್ಕಾರ ಹೊಳೆಯ ನಡುವೆ ಗೋಡೆ ಕಟ್ಟಿದ್ದು ನಮ್ಮ ನಾಡಿನಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಮನಸ್ಸಿದ್ದರೆ ಉಳಿಸಲು ಸಾಧ್ಯ ಎನ್ನುವುದು. ಮುಳುಗಡೆ ಅನಿವಾರ್ಯ ಎಂದು ಹಳ್ಳಿಯ ಮಂದಿಗೆ ಹೇಳಿದ ಅದೇ ಪ್ರಭುತ್ವ ಒಂದು ಕಲ್ಲಿನ ಸುತ್ತ ಅನಿವಾರ್ಯವನ್ನು ತಡೆದು ನಿಲ್ಲಿಸಿತು. ಎರಡನೆಯದು ಇನ್ನೂ ಕಠಿಣ. ಸ್ಥಾವರಕ್ಕಿಂತ ಜಂಗಮ ದೊಡ್ಡದು, ಕಟ್ಟಿದ ಗುಡಿಗಿಂತ ನಡೆದಾಡುವ ದೇಹ ದೊಡ್ಡದು ಎಂದ ಚಳುವಳಿಯ ನೆನಪನ್ನು ನಾವು ಸ್ಥಾವರ ಮಾಡಿ ಕಾಂಕ್ರೀಟಿನೊಳಗೆ ಇಟ್ಟೆವು. ಜಂಗಮರನ್ನು, ಅಂದರೆ ದಂಡೆಯ ಮೇಲೆ ನಡೆದಾಡುತ್ತಿದ್ದ ಮನುಷ್ಯರನ್ನು, ಪುನರ್ವಸತಿ ಕೇಂದ್ರಕ್ಕೆ ಕಳಿಸಿದೆವು.

ಬಸವಣ್ಣನ ‘ಮಹಾಮನೆ’ಯ ನೆನಪಾಗುತ್ತದೆ. ಕನ್ನಡದ ಮಟ್ಟಿಗೆ ಅದೇ ದೊಡ್ಡ ಐತಿಹಾಸಿಕ ಮನೆ. ಅದು ಯಾವ ಕಲ್ಲಿನದು, ಎಷ್ಟು ಅಂಕಣದ್ದು ಎನ್ನುವುದು ಯಾವ ಶರಣರಿಗೂ ಮುಖ್ಯವಾಗಲಿಲ್ಲ. ಮಾದಾರ, ಡೋಹರ, ಸಮಗಾರ ಅಲ್ಲಿ ಬಂದು ಕೂತರು ಎನ್ನುವುದೇ ಮುಖ್ಯ. ಈಗ ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. 500 ಕೋಟಿ ರೂಪಾಯಿಯ ಯೋಜನೆ. ಕಟ್ಟಲಿ. ಯಾರು ಬಂದು ಕೂತರು ಎಂಬ ಅಳತೆಯಲ್ಲಿ ನೋಡಿದರೆ ಹೋಟೆಲಿನಲ್ಲಿ ಬೇರೆ ಬಟ್ಟಲು ಇಟ್ಟ ಹಳ್ಳಿಯ ಚಾದಂಗಡಿಯೂ ಒಂದು ಐತಿಹಾಸಿಕ ಕಟ್ಟಡ, ಆ ಬಟ್ಟಲನ್ನು ಒಡೆದು ಒಳಗೆ ಹೋಗಿ ಕೂತ ದಿನ ಅದರ ಇನ್ನೊಂದು ಅಂತಸ್ತು. ಆದರೆ ಅಂಥ ಕಟ್ಟಡಕ್ಕೆ ಫಲಕ ಹಾಕುವವರಿಲ್ಲ.

ಗುಡಿಗಳನ್ನು ಉಳಿಸುವ ಜಾಣ್ಮೆ ನಮ್ಮ ಸರ್ಕಾರಗಳಿಗೆ ಎಂದೂ ಕಡಿಮೆ ಬಿದ್ದಿಲ್ಲ. ಇದೇ ಕೃಷ್ಣೆಯ ಕೆಳಗೆ ಶ್ರೀಶೈಲದ ಅಣೆಕಟ್ಟಿಗೆ ಕೂಡವೆಲ್ಲಿಯ ಸಂಗಮೇಶ್ವರ ಗುಡಿ ಮುಳುಗಬೇಕಾಗಿತ್ತು. ಕಲ್ಲು ಕಲ್ಲಿಗೆ ಗುರುತು ಹಾಕಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಜೋಡಿಸಿದರು. ಇನ್ನೂ ಕೆಳಗೆ ನಾಗಾರ್ಜುನಸಾಗರದಲ್ಲಿ ನಾಗಾರ್ಜುನಕೊಂಡದ ಬೌದ್ಧ ಅವಶೇಷಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿದರು. ಬುದ್ಧನ ಇಟ್ಟಿಗೆ ಉಳಿದದ್ದಕ್ಕೆ ನನಗೆ ಸಂತೋಷವೇ. ಆದರೆ ಒಂದು ಹೊಲಗೇರಿಯ ಒಂದಾದರೂ ಮನೆಗೆ ಹೀಗೆ ಗುರುತು ಹಾಕಿ ಬಿಚ್ಚಿದ್ದನ್ನು ಯಾರಾದರೂ ಕೇಳಿದ್ದೀರಾ? ಮಣ್ಣಿನ ಗೋಡೆ ಬಿಚ್ಚಲು ಬರುವುದಿಲ್ಲ ಅನ್ನಬಹುದು. ನಿಜ. ಕಲ್ಲಿನ ಗೋಡೆ ಕಟ್ಟಲು ಬಿಡದೆ, ಆಮೇಲೆ ಮಣ್ಣಿನದು ಉಳಿಸಲು ಬರುವುದಿಲ್ಲ ಅನ್ನುವುದು ಎಂಥ ತರ್ಕ?

ಈಗ ಹೊಸ ಮಾತೊಂದು ಬಂದಿದೆ. ಒಂದೊಂದೇ ಕಟ್ಟಡಕ್ಕೆ ಸ್ಮಾರಕದ ಪಟ್ಟ ಕಟ್ಟುವುದು ಸಾಲದು, ಇಡೀ ಓಣಿಯನ್ನೇ ಒಂದು ಸಂರಕ್ಷಣಾ ವಲಯವೆಂದು ಗುರುತಿಸಬೇಕು. ಅಲ್ಲಿನ ಯಾವ ಮನೆಯನ್ನೂ ಸ್ಥಳೀಯ ಸಮಿತಿಯ ಒಪ್ಪಿಗೆ ಇಲ್ಲದೆ ಕೆಡವಬಾರದು, ಮುಂಭಾಗ ಬದಲಿಸಬಾರದು ಎಂದು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯೊಳಗೂ ತಿದ್ದುಪಡಿಗಳ ಮೂಲಕ ಪಾರಂಪರಿಕ ಕಟ್ಟಡದ ಮಾತು ಸೇರಿದೆ. ಮೈಸೂರಿನಂಥ ಊರಲ್ಲಿ ಪಟ್ಟಿ ಇದೆ, ಸಮಿತಿ ಇದೆ. ಈ ಕಲ್ಪನೆಯನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಯಾಕೆಂದರೆ ಇದರೊಳಗೆ ಒಂದು ಒಳ್ಳೆಯ ಬೀಜ ಇದೆ. ಬಿಡಿಯಾಗಿ ನೋಡಿದರೆ ಯಾವ ಮಹತ್ವವೂ ಇಲ್ಲದ ಸಣ್ಣ ಸಣ್ಣ ಮನೆಗಳು ಗುಂಪಾಗಿ ನಿಂತಾಗ ಅವುಗಳಿಗೊಂದು ಚರಿತ್ರೆ ಇರುತ್ತದೆ ಎಂದು ಅದು ಒಪ್ಪುತ್ತದೆ. ಕೇರಿ ಅಂದರೆ ಇನ್ನೇನು?

ಆದರೆ ವಲಯದ ಗೆರೆ ಎಳೆದ ಕಡೆಗಳಲ್ಲೆಲ್ಲ ಏನಾಯಿತು ಅನ್ನುವುದನ್ನು ನೋಡಿ ಮುಂದೆ ಹೋಗಬೇಕು. ದೂರದ್ದೇ ಮೊದಲು ಹೇಳುತ್ತೇನೆ. ಇಂಥ ವಲಯವನ್ನು ಕಾನೂನಿನ ಮೂಲಕ ಮೊದಲು ಮಾಡಿದ ಊರು ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್, 1931ರಲ್ಲಿ. ಗುಲಾಮರ ದುಡಿಮೆಯಿಂದ ಎದ್ದ ಊರು. ಅಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಕ್ಯಾಬೇಜ್ ರೋ ಎಂಬ ಹಳೆಯ ಕಟ್ಟಡವಿತ್ತು. ಅದರಲ್ಲಿ ಬಡ ಕರಿಯ ಕುಟುಂಬಗಳು ಕಿಕ್ಕಿರಿದು ಇದ್ದವು. ಡುಬೋಸ್ ಹೇವರ್ಡ್ ಎಂಬ ಬಿಳಿಯ ಲೇಖಕ 1925ರಲ್ಲಿ ‘ಪೋರ್ಗಿ’ ಕಾದಂಬರಿಯಲ್ಲಿ ಅದನ್ನೇ ಕ್ಯಾಟ್‌ಫಿಶ್ ರೋ ಎಂದು ಬರೆದ. 1935ರಲ್ಲಿ ಅದು ಗರ್ಶ್ವಿನ್‌ನ ಸಂಗೀತದಲ್ಲಿ ಅಪೆರಾ ಆಯಿತು, ಜಗತ್ತೆಲ್ಲ ಕೇಳಿತು. ಕಟ್ಟಡ ದುರಸ್ತಿಯಾಗಿ ಇವತ್ತೂ ನಿಂತಿದೆ, ಪ್ರವಾಸಿಗಳು ನೋಡುತ್ತಾರೆ. ಆ ಕುಟುಂಬಗಳು ಇಲ್ಲ. ಸಾಹಿತ್ಯ ಅಮರಗೊಳಿಸಿದ ಜನರನ್ನು ಸಂರಕ್ಷಣೆ ಖಾಲಿ ಮಾಡಿಸಿತು. ಆ ಊರಿನ ಇನ್ನೂ ಹಲವು ಓಣಿಗಳಲ್ಲಿ ಹೀಗೇ ಆಯಿತು: ಮನೆ ಚೊಕ್ಕಟವಾದಂತೆ ಬಾಡಿಗೆ ಏರಿತು, ಬಾಡಿಗೆ ಏರಿದಂತೆ ಕರಿಯರು ಹೊರಗಾದರು.

ಹತ್ತಿರದ್ದು ಹಂಪಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು; 2002ರ ಕಾಯಿದೆಯಿಂದ ಅದಕ್ಕೆ ಪ್ರತ್ಯೇಕ ಪ್ರಾಧಿಕಾರವೇ ಬಂತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಮಂದಿ ದಶಕಗಳಿಂದ ವಾಸವಾಗಿದ್ದರು. ಖಾನಾವಳಿ, ಹೂವಿನಂಗಡಿ, ಸಣ್ಣ ವಸತಿಗೃಹ, ಸಂಸಾರ ಎಲ್ಲ ಅಲ್ಲೇ. 2011ರ ಜುಲೈ 29ರಂದು ಬುಲ್ಡೋಜರ್ ಬಂತು. ನೂರಾರು ಕುಟುಂಬ ಬೀದಿಗೆ ಬಿದ್ದವು. ಆಮೇಲೆ ಕಡ್ಡಿರಾಂಪುರದ ಕಡೆ ಜಾಗ. ವಿಜಯನಗರದ ಕಾಲದಲ್ಲಿ ಆ ಬಜಾರು ವ್ಯಾಪಾರ, ಗದ್ದಲ, ಜನಜಂಗುಳಿಯ ಜಾಗವಾಗಿತ್ತು ಅನ್ನುವುದಕ್ಕೇ ಅದನ್ನು ನೋಡಲು ಬರುವುದು. ಆ ಗದ್ದಲವನ್ನೇ ಅತಿಕ್ರಮಣ ಎಂದು ಗುಡಿಸಿ ಹಾಕಿದರು. ಅದಕ್ಕೂ ಹಿಂದಿನ ವರ್ಷ, 2010ರಲ್ಲಿ, ಸ್ಮಾರಕದಿಂದ ನೂರು ಮೀಟರು ಕಟ್ಟುವಂತಿಲ್ಲ, ಅದರಾಚೆ ಇನ್ನೂರು ಮೀಟರು ಅನುಮತಿ ಬೇಕು ಎಂಬುದು ಕಾಯಿದೆಯಲ್ಲೇ ಸೇರಿತು. ವಿಜಯಪುರದಂಥ ಊರಲ್ಲಿ, ಮೂಲೆ ಮೂಲೆಗೆ ಒಂದು ಗುಮ್ಮಟ ಇರುವಲ್ಲಿ, ಈ ನೂರು ಮೀಟರಿನೊಳಗೆ ಸೋರುವ ಮಾಳಿಗೆ ದುರಸ್ತಿಗೂ ಅರ್ಜಿ ಹಿಡಿದು ಓಡಾಡುವವರು ಯಾರು? ದೊಡ್ಡವರು ಎಂದೋ ಬಡಾವಣೆಗೆ ಹೋಗಿದ್ದಾರೆ.

ಐಹೊಳೆಯದು ಇನ್ನೊಂದೇ ಕತೆ. ಅದನ್ನು ಸ್ವಲ್ಪ ಸಾವಕಾಶ ಓದಬೇಕು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ದಂಡೆಯ ಊರು ಅದು. ಚಾಲುಕ್ಯರ ಗುಡಿಗಳ ಊರು ಎಂದು ಪಠ್ಯಪುಸ್ತಕ ಹೇಳುತ್ತದೆ. ಗುಡಿಗಳ ಹೆಸರು ಕೇಳಿರಿ: ಲಾಡಖಾನ್ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ತಾರಾಬಸಪ್ಪನ ಗುಡಿ. ಇವು ದೇವರ ಹೆಸರಲ್ಲ, ಕಟ್ಟಿಸಿದ ರಾಜರ ಹೆಸರಲ್ಲ. ಪೂಜೆ ನಿಂತು ಹೋದ ಮೇಲೆ ಆ ಕಲ್ಲಿನ ಮಂಟಪಗಳಲ್ಲಿ, ಅವುಗಳ ಮಗ್ಗುಲಲ್ಲಿ ಒಲೆ ಹೂಡಿದವರ, ದನ ಕಟ್ಟಿದವರ, ಮಕ್ಕಳನ್ನು ಹಡೆದವರ ಗುರುತು ಇವು. ಲಾಡಖಾನ್ ಎಂಬ ಮುಸಲ್ಮಾನನೊಬ್ಬ ವಾಸವಾಗಿದ್ದನೆಂದೇ ಆ ಪ್ರಸಿದ್ಧ ಗುಡಿಗೆ ಆ ಹೆಸರು. ಪುರಾತತ್ತ್ವ ಇಲಾಖೆ ಮನುಷ್ಯರನ್ನು ಹೊರಗೆ ಹಾಕಿತು, ಹುಲ್ಲು ಬೆಳೆಸಿತು, ಬೇಲಿ ಹಾಕಿತು. ಹೆಸರನ್ನು ಮಾತ್ರ ಫಲಕದ ಮೇಲೆ ಉಳಿಸಿಕೊಂಡಿತು. ಉಳಿದ ಊರನ್ನೂ ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದೇ ಇದೆ. ನನ್ನ ದೃಷ್ಟಿಯಲ್ಲಿ ಐಹೊಳೆಯ ಆ ಹೆಸರುಗಳ ಪಟ್ಟಿಯೇ ಕನ್ನಡನಾಡಿನ ನಿಜವಾದ ಮನೆಗಳ ಶಾಸನ. ಅದರಲ್ಲಿ ಅಂಬಿಗ ಇದ್ದಾನೆ, ಬಡಿಗ ಇದ್ದಾನೆ, ಸಾಬ ಇದ್ದಾನೆ. ಹಾಳುಬಿದ್ದ ಗುಡಿಯೊಳಗೆ ಸಂಸಾರ ಹೂಡಲಿಕ್ಕೂ ಒಂದು ಜಾತಿ ಬೇಕಾಗಿತ್ತೇ ಎಂಬ ಪ್ರಶ್ನೆಯನ್ನು ಸಂಶೋಧಕ ಗೆಳೆಯರಿಗೆ ಬಿಡುತ್ತೇನೆ.

ವಾಡೆಗಳ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ಐತಿಹಾಸಿಕ ಮನೆ ಅಂದರೆ ದೇಸಾಯಿ, ಗೌಡ, ಕುಲಕರ್ಣಿಗಳ ವಾಡೆ. ಹುಡೇವು, ದೊಡ್ಡ ಬಾಗಿಲು, ಪಡಸಾಲೆ, ಕೆತ್ತನೆಯ ಕಂಬ, ಬೋದಿಗೆ. ಇವು ಬೀಳುತ್ತಿವೆ, ಸಾಗವಾನಿ ಕಂಬಗಳು ಲಾರಿ ಹತ್ತಿ ಹೋಗುತ್ತಿವೆ ಎನ್ನುವ ಮರುಕ ನನಗೂ ಅರ್ಥವಾಗುತ್ತದೆ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಹೀಗೆ ಬೀಳುವ ಮನೆಗಳನ್ನು ತಂದು ಜೋಡಿಸಿದರು; ಮುಧೋಳದ ಅರಮನೆಯ ದರ್ಬಾರು, ಕುಕನೂರಿನ ಕಮಲಮಹಲು ಈಗ ಕರಾವಳಿಯಲ್ಲಿವೆ. ಅದು ದೊಡ್ಡ ಶ್ರಮ. ಆದರೆ ವಾಡೆಯನ್ನು ಒಂದು ಪಠ್ಯವೆಂದು ಓದುವಾಗ ಓದುಗ ಎಲ್ಲಿ ನಿಂತಿದ್ದಾನೆ ಎನ್ನುವುದು ಮುಖ್ಯ. ನಮ್ಮ ಮುತ್ಯಾನಿಗೆ ವಾಡೆಯ ಪಡಸಾಲೆ ಹೇಗಿತ್ತು ಎಂದು ಗೊತ್ತೇ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಹಿತ್ತಲ ಬಾಗಿಲು, ದನದ ಹಕ್ಕಿ, ಬಾಗಿಲ ಹೊರಗೆ ಸೆರಗೊಡ್ಡಿ ನಿಲ್ಲುವ ಒಂದು ಕಲ್ಲು. ಕಂಬದ ಕೆತ್ತನೆಯ ಬಗ್ಗೆ ಪುಟಗಟ್ಟಲೆ ಬರೆದವರು ಈ ಕಲ್ಲಿನ ಬಗ್ಗೆ ಒಂದು ಸಾಲು ಬರೆಯಲಿಲ್ಲ. ವಾಡೆಯನ್ನು ಉಳಿಸಿರಿ, ಬೇಡವೆನ್ನುವುದಿಲ್ಲ. ಉಳಿಸುವುದಾದರೆ ಆ ಕಲ್ಲನ್ನೂ ಉಳಿಸಿರಿ. ಕಲ್ಲು ಹೊತ್ತ ವಡ್ಡರು, ಮಣ್ಣು ತುಳಿದ ಬಿಟ್ಟಿಯಾಳುಗಳು, ಯಾರು ಎಲ್ಲಿಯವರೆಗೆ ಬರಬಹುದಿತ್ತು ಎನ್ನುವ ಗೆರೆ, ಇವೆಲ್ಲ ಫಲಕದಲ್ಲಿ ಬರಲಿ. ಅಂಥ ಫಲಕ ಹಾಕಲು ಒಪ್ಪುವ ವಾರಸುದಾರ ಸಿಕ್ಕರೆ ಅವನ ಜೊತೆ ಕೂತು ಮಾತಾಡಲು ನಾನು ತಯಾರು.

ಸಾಹಿತ್ಯ ಇಲ್ಲಿ ಏನು ಮಾಡಿದೆ? ಕುಪ್ಪಳಿಯ ಕವಿಮನೆ ಇವತ್ತು ಕನ್ನಡಿಗರ ಯಾತ್ರೆಯ ಜಾಗ. ಶೂದ್ರ ಕವಿಯೊಬ್ಬನ ಮನೆ ಹಾಗೆ ಆದದ್ದು ಹೆಮ್ಮೆಯ ಸಂಗತಿ. ಆದರೆ ಆ ಕವಿಯೇ 1967ರಲ್ಲಿ ಬರೆದ ‘ಮಲೆಗಳಲ್ಲಿ ಮದುಮಗಳು’ ತೆಗೆದು ನೋಡಿ. ಅಲ್ಲಿ ಗೌಡರ ಚೌಕಿಮನೆಗಳಷ್ಟೇ ಗಮನಕೊಟ್ಟು ಹೊಲಗೇರಿಯ ಬಿಡಾರಗಳನ್ನೂ ಕಟ್ಟಿದ್ದಾರೆ. ನಾಯಿಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಆ ಬೆಟ್ಟಳ್ಳಿಯ ಹೊಲಗೇರಿ ಕಾಗದದ ಮೇಲೆ ಉಳಿದಿದೆ. ಮಲೆನಾಡಿನ ಮಣ್ಣಿನ ಮೇಲೆ ಅಂಥದೊಂದು ಬಿಡಾರವನ್ನು ಮನೆಯೆಂದು ಉಳಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಕುವೆಂಪು ಅವರ ಕಣ್ಣು ನಮ್ಮ ಸಂರಕ್ಷಣೆಯ ಕಣ್ಣಿಗಿಂತ ದೊಡ್ಡದಿತ್ತು ಎಂದೇ ಹೇಳಬೇಕು.

ದೇವನೂರರ ‘ಒಡಲಾಳ’ದಲ್ಲಿ ಸಾಕವ್ವನ ಮನೆ ಇದೆ. ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಕದ್ದ ಕಡಲೆಕಾಯಿ ಹುಡುಕಿ ಪೊಲೀಸರು ಬರುತ್ತಾರೆ. ನನಗೆ ಇದು ಒಂದು ಮನೆಯ ಬಗ್ಗೆ ಕನ್ನಡದಲ್ಲಿ ಬಂದಿರುವ ಅತ್ಯಂತ ನಿಖರವಾದ ಸಮೀಕ್ಷೆ ಅನ್ನಿಸುತ್ತದೆ. ಅದೇ ಗೋಡೆಯನ್ನು ಒಬ್ಬಳು ಚಿತ್ರ ಬರೆಯುವ ಜಾಗವಾಗಿ ನೋಡುತ್ತಾಳೆ, ಪ್ರಭುತ್ವ ಕಳವಿನ ಮಾಲು ಬಚ್ಚಿಡುವ ಜಾಗವಾಗಿ ನೋಡುತ್ತದೆ. ಕೇರಿಯ ಮನೆಯೊಳಗೆ ಪ್ರಭುತ್ವ ಕಾಲಿಡುವುದು ಜಪ್ತಿಗೆ ಅಥವಾ ಮುಳುಗಡೆಯ ಅಳತೆಗೆ; ಆ ನವಿಲನ್ನು ಬರೆದುಕೊಳ್ಳಲು ಅದರ ಫಾರ್ಮಿನಲ್ಲಿ ಕಾಲಮ್ಮಿಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲಿ ಹುಡುಗ ಮನೆಯಿಂದ ನೋಡುತ್ತಾನೆ, ದೂರದ ಹೊಲದಲ್ಲಿ ನೊಗಕ್ಕೆ ಎತ್ತಿನ ಬದಲು ಹೆಗಲು ಕೊಟ್ಟವರಲ್ಲಿ ಒಬ್ಬ ತನ್ನ ಅಪ್ಪ. ಆ ಮನೆಯ ಮಹತ್ವ ಅದರ ಗೋಡೆಯಲ್ಲಿಲ್ಲ, ಅಲ್ಲಿ ನಿಂತರೆ ಏನು ಕಾಣುತ್ತದೆ ಎನ್ನುವುದರಲ್ಲಿದೆ. ನಮ್ಮ ಮುದ್ದೇಬಿಹಾಳದವರೇ ಆದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ 1994ರಲ್ಲಿ ಬಂತು. ನನ್ನಂಥವರು ಆಮೇಲೆ ಹುಟ್ಟಿದವರು, ಕಾಲೇಜಿನಲ್ಲಿ ಅದನ್ನು ಓದಿದಾಗ ಮೊದಲ ಸಲ ನಮ್ಮ ಊರಿನ ನಕಾಶೆ ಅಚ್ಚಿನಲ್ಲಿ ಕಂಡೆವು. ಯಾವ ಇಲಾಖೆಯೂ ಮಾಡದ ಮನೆಪಟ್ಟಿಯನ್ನು ದಲಿತ ಆತ್ಮಕಥನಗಳು ಮಾಡಿವೆ. ಇವನ್ನು ‘ಅನುಭವ ಕಥನ’ ಎಂದು ಬೆನ್ನು ತಟ್ಟಿ ಬಿಡುವ ವಿಮರ್ಶಕರು ಇವುಗಳೊಳಗಿನ ಈ ದಾಖಲೆಯ ಬಿಗಿಯನ್ನು ಗಮನಿಸಿದ್ದು ಕಡಿಮೆ.

ಇಷ್ಟಾದ ಮೇಲೂ ನಿಜವಾದ ಇಕ್ಕಟ್ಟು ಉಳಿದೇ ಇದೆ. ಹೋದ ವರ್ಷ ನನ್ನ ತರಗತಿಯ ಕೆಲವು ಹುಡುಗ ಹುಡುಗಿಯರಿಗೆ ತಮ್ಮ ತಮ್ಮ ಕೇರಿಯ ಮನೆಗಳನ್ನು ಬರೆದು ತರಲು ಹೇಳಿದೆ. ಹಗೇವು ಎಲ್ಲಿತ್ತು, ದೀಪದ ಗೂಡು ಎಷ್ಟು, ಹಲಗಿ ಯಾವ ಗೂಟಕ್ಕೆ ತೂಗುತ್ತಿತ್ತು, ಬಾಬಾಸಾಹೇಬರ ಫೋಟೋ ಯಾವ ವರ್ಷ ಗೋಡೆಗೆ ಬಂತು, ಹೀಗೆ. ಅವರ ಜೊತೆ ಒಂದು ಮನೆಗೆ ನಾನೂ ಹೋದೆ. ನಡುಮನೆಯ ಗೋಡೆ ಬಾಗಿತ್ತು. ಆಯಿ ಹೊಸ್ತಿಲ ಮೇಲೆ ಕೂತಿದ್ದಳು.

‘ಏನ್ ಬರಕೊಳ್ಳಾಕತ್ತೀರಿ ಮಾಸ್ತರ?’

‘ನಿನ್ನ ಮನಿ ಹಳೇದೈತಲ್ಲ ಆಯಿ, ಇಂಥವು ಉಳೀಬೇಕಂತ...’

‘ಈ ಗ್ವಾಡಿ ಕಾಯಬೇಕಂತ ಬಂದೀರೇನು? ಹೋದ ಮಳಿಗಾಲದಾಗ ಇದು ನನ್ನ ಕಾಯಲಿಲ್ಲಪ್ಪಾ. ರಾತ್ರಿಯೆಲ್ಲ ಗುಡಿ ಕಟ್ಟಿ ಮ್ಯಾಲ ಕುಂತೀನಿ. ನನಗ ಸ್ಲ್ಯಾಬಿನ ಮನಿ ಬರಸ್ರಿ.’

ಹುಡುಗರು ನಕ್ಕರು. ನಾನು ಆ ಮಾತನ್ನು ಸಂರಕ್ಷಣಾವಾದದ ಮೇಲಿನ ಒಂದು ಗಟ್ಟಿ ವಿಮರ್ಶೆ ಎಂದೇ ಬರೆದುಕೊಂಡೆ. ಕೇರಿ ನಮ್ಮ ಪರಂಪರೆ ಮಾತ್ರವಲ್ಲ, ನಮ್ಮ ಗಾಯ ಕೂಡ. ಊರಿನ ಗಾಳಿ ತಾಗದಂತೆ ನಮ್ಮನ್ನು ದೂರ ಇಟ್ಟ ಗೆರೆ ಅದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಬಾಬಾಸಾಹೇಬರು ಹಳ್ಳಿಯನ್ನು ಹಾಡಿ ಹೊಗಳುವವರನ್ನು ತರಾಟೆಗೆ ತೆಗೆದುಕೊಂಡದ್ದು ಇದಕ್ಕೇ. ಅಸ್ಪೃಶ್ಯತೆಯ ನಕಾಶೆಯನ್ನು ಪರಂಪರೆಯ ಹೆಸರಲ್ಲಿ ಕಾನೂನಿನಿಂದ ಬಿಗಿದರೆ, ಮುಂಭಾಗ ಬದಲಿಸಬಾರದು ಎಂದು ಆಯಿಗೆ ನೋಟೀಸು ಕೊಟ್ಟರೆ, ಆ ಸಂರಕ್ಷಣೆಗಿಂತ ಬುಲ್ಡೋಜರ್ ವಾಸಿ. ಕೇರಿಯನ್ನು ಸುಟ್ಟು ಹೊರಗೆ ಬರಬೇಕು ಎನ್ನುವ ಗೆಳೆಯರ ಸಿಟ್ಟನ್ನು ನಾನು ಗೌರವಿಸುತ್ತೇನೆ.

ಆದರೆ ಅವರಿಗೂ ಒಂದು ಮಾತು ಹೇಳಬೇಕಿದೆ. ಗಾಯ ಮಾಯಬೇಕು, ಗಾಯ ಮಾಡಿದ ಸಾಕ್ಷಿ ಮಾಯಬಾರದು. ನಾವು ಬಿಟ್ಟು ಬಂದ ಕೇರಿ ಎಲ್ಲಿತ್ತು, ಬಾವಿ ಎಷ್ಟು ದೂರವಿತ್ತು, ಅಗಸಿಯ ಯಾವ ಮಗ್ಗುಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತು ಎನ್ನುವುದು ಅಳಿಸಿಹೋದರೆ ಐವತ್ತು ವರ್ಷದ ಮೇಲೆ ಇದೇ ಊರಿನ ಸುಶಿಕ್ಷಿತರು ‘ನಮ್ಮಲ್ಲಿ ಅಂಥದ್ದೆಲ್ಲ ಇರಲೇ ಇಲ್ಲ’ ಅನ್ನುತ್ತಾರೆ. ಈಗಲೇ ಅನ್ನುತ್ತಿದ್ದಾರೆ. ಡಿ.ಆರ್. ನಾಗರಾಜ್ ವಿಸ್ಮೃತಿಯ ಬಗ್ಗೆ ಮಾತಾಡಿದರು. ವಿಸ್ಮೃತಿಗೆ ಈಗ ಜೆಸಿಬಿಯೂ ಸಿಕ್ಕಿದೆ. ಪುಣೆಯ ಭಿಡೆ ವಾಡೆಯದೇ ನೋಡಿ. 1848ರಲ್ಲಿ ಜೋತಿಬಾ, ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದ ಮನೆ. ದಶಕಗಳು ಬಾಡಿಗೆದಾರರ ತಕರಾರು, ಕೋರ್ಟು, ಪಾಳು. ಕೊನೆಗೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2023ರ ಡಿಸೆಂಬರಿನ ಒಂದು ರಾತ್ರಿ ಮಹಾನಗರ ಪಾಲಿಕೆ ಕಟ್ಟಡವನ್ನು ಕೆಡವಿತು. ಅಲ್ಲಿ ರಾಷ್ಟ್ರೀಯ ಸ್ಮಾರಕ ಕಟ್ಟಲಿಕ್ಕೆ! ಸ್ಮಾರಕಕ್ಕಾಗಿ ಹೋರಾಡಿದವರಿಗೆ ಸಂತೋಷವಾಯಿತು. ಅದರಲ್ಲಿ ಅರ್ಥವೂ ಇದೆ. ಆದರೆ ಸಾವಿತ್ರಿಬಾಯಿ ಹತ್ತಿದ ಮೆಟ್ಟಿಲು ಹೋಯಿತು. ಪೇಶ್ವೆಯ ಶನಿವಾರವಾಡೆಯ ಗೋಡೆ ಅದೇ ಊರಲ್ಲಿ ಬೆಂಕಿ ಬಿದ್ದ ಮೇಲೂ ನಿಂತಿದೆ.

ಹಾಗಾದರೆ ವಲಯ ಬೇಕೇ ಬೇಡವೇ? ಬೇಕು, ಆದರೆ ಗೋಡೆಗೆ ಮೊದಲು ಇರುವವರಿಗೆ ರಕ್ಷಣೆ ಕೊಡುವ ವಲಯ ಬೇಕು. ಮೊದಲು ಹಕ್ಕುಪತ್ರ, ಆಮೇಲೆ ಫಲಕ. ಗೆರೆಯೊಳಗಿನ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುವುದೇ ಅದರ ಮೊದಲ ಕಲಮು ಆಗಬೇಕು. ಸಮಿತಿಯಲ್ಲಿ ಕೂರುವವರು ಆ ಓಣಿಯವರೇ ಆಗಬೇಕು. ಆಯಿ ಸ್ಲ್ಯಾಬ್ ಹಾಕಿಸಿಕೊಳ್ಳಲಿ, ಹಳೆಯ ಗೋಡೆಯ ಅಳತೆ, ಚಿತ್ರ, ನೆನಪು ದಾಖಲಾಗಿ ಇರಲಿ. ಯಾವುದನ್ನು ಕೆಡವಬೇಕು, ಯಾವುದನ್ನು ಇಡಬೇಕು ಎಂದು ಕೇರಿಯೇ ತೀರ್ಮಾನಿಸಿದರೆ ಅದು ಆಯ್ಕೆಮಾಡುವುದು ನಮ್ಮ ಸುಂದರ ಕಲ್ಪನೆಯ ಮಣ್ಣಿನ ಗುಡಿಸಲಾಗಿರಲಿಕ್ಕಿಲ್ಲ. ನನ್ನನ್ನು ಕೇಳಿದರೆ 1970ರ ದಶಕದ ಜನತಾ ಮನೆಯನ್ನು ತೋರಿಸುತ್ತೇನೆ. ಒಂದು ಕೋಣೆ, ಹಂಚು, ಗಿಡ್ಡ ಬಾಗಿಲು. ದೇವರಾಜ ಅರಸರ ಕಾಲದ್ದು. ಎಷ್ಟೋ ದಲಿತ ಕುಟುಂಬಗಳಿಗೆ ಕಾಗದ ಇದ್ದ ಮೊದಲ ಮನೆ ಅದು. ಆ ಹೊತ್ತಿಗೇ ದಲಿತ ಸಂಘರ್ಷ ಸಮಿತಿಯ ಸಭೆಗಳು ಅಂಥ ಮನೆಗಳ ಕಟ್ಟೆಯ ಮೇಲೆ ನಡೆದವು. ನೂರು ವರ್ಷದ ಲೆಕ್ಕ ಹಿಡಿದರೆ ಅದು ಐತಿಹಾಸಿಕವಾಗಲು 2070 ದಾಟಬೇಕು. ಅಷ್ಟರವರೆಗೆ ಆ ಸಿಮೆಂಟು ತಡೆಯುವುದಿಲ್ಲ.

ಕಾಲವೂ ತಡೆಯುವುದಿಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಆಲಮಟ್ಟಿಯ ಮೇಲಿನ ದಂಡೆಯಲ್ಲಿ, ಬಾಗಲಕೋಟೆಯ ಕಡೆ, ಇನ್ನಷ್ಟು ಹಳ್ಳಿಗಳಿಗೆ ಅಳತೆಪಟ್ಟಿ ಬರುವುದಿದೆ. ಎಕರೆಗೆ ಎಷ್ಟು ಎಂಬ ಚೌಕಾಸಿ ಪತ್ರಿಕೆಗಳಲ್ಲಿ ನಡೆದಿದೆ, ಅದು ಹೊಲ ಇದ್ದವರ ಚೌಕಾಸಿ. ಈ ಸಲ ಇಂಜಿನಿಯರು ಬರುವ ಮುಂಚೆ ಕೇರಿಯವರೇ ತಮ್ಮ ಮನೆಪಟ್ಟಿ ಬರೆದಿಟ್ಟುಕೊಳ್ಳಬೇಕು; ಸಂಘಟನೆಯ ಗೆಳೆಯರು, ಕಾಲೇಜಿನ ಹುಡುಗರು ಈ ಕೆಲಸ ಹಿಡಿಯಬೇಕು. ನಮ್ಮ ಹುಡುಗರ ಪಟ್ಟಿಯಲ್ಲಿ ಸದ್ಯ ಹನ್ನೊಂದು ಕಾಲಮ್ಮಿವೆ. ಮನೆಯ ಉದ್ದಗಲ, ಯಾರು ಕಟ್ಟಿದರು, ಮಣ್ಣು ಎಲ್ಲಿಂದ ಬಂತು, ಎಷ್ಟು ಸಲ ಬಿತ್ತು, ಯಾರ್ಯಾರು ಹುಟ್ಟಿದರು, ಯಾರು ಗೋವಾಕ್ಕೆ, ಪುಣೆಗೆ ದುಡಿಯಲು ಹೋದರು ಇತ್ಯಾದಿ. ಹನ್ನೊಂದನೆಯದರಲ್ಲಿ ಆ ಮನೆಯ ಹೊಸ್ತಿಲಲ್ಲಿ ನಿಂತರೆ ಏನೇನು ಕಾಣುತ್ತದೆ ಎಂದು ಬರೆಯುತ್ತಿದ್ದಾರೆ. ಅದಕ್ಕೆ ಏನು ತಲೆಬರಹ ಕೊಡಬೇಕು ಎಂದು ಅವರೊಳಗೆ ಇನ್ನೂ ಜಗಳ ನಡೆದಿದೆ.